ಹಗುರ ಗಾಡಿಗೆ ಹೊಂದುವ ಎಂಜಿನ್: ಕಾಲು ಮೈಲಿ ಓಟದ ಚರಿತ್ರೆ



ಇಂದಿನ ಭಾಷಣಕ್ಕೆ ನಾನು ಆರಿಸಿಕೊಂಡಿರುವ ವಿಷಯ ದೂರದ್ದು. ಅಮೆರಿಕ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಹುಟ್ಟಿ ಬೆಳೆದ ಡ್ರ್ಯಾಗ್ ರೇಸ್ ಎಂಬ ಮೋಟಾರು ಓಟದ ಚರಿತ್ರೆ ಅದು. ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನಿಗೂ ಮೋಟಾರು ಓಟಕ್ಕೂ ಎಲ್ಲಿಯ ಸಂಬಂಧ ಎಂದು ತಾವು ಕೇಳಬಹುದು. ಈ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಅದರಲ್ಲಿ ಕಂಡದ್ದು ಹೆಚ್ಚಾಗಿ ಲೆಕ್ಕವೇ. ಜಮಾ ಎಷ್ಟು, ಖರ್ಚು ಎಷ್ಟು, ಕೊನೆಗೆ ಉಳಿದ ಶಿಲ್ಕು ಎಷ್ಟು ಎಂಬ ಲೆಕ್ಕ. ಆ ಲೆಕ್ಕವನ್ನು ಸರಿಯಾಗಿ ಬರೆದವರು ಬಡವರಾಗಿದ್ದರೂ ಗೆದ್ದರು. ತಪ್ಪಾಗಿ ಬರೆದವರಲ್ಲಿ ಕೆಲವರು ಹಣ ಕಳೆದುಕೊಂಡರು, ಕೆಲವರು ಕೈಕಾಲು ಕಳೆದುಕೊಂಡರು, ಇನ್ನು ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಮೊದಲು ಈ ಓಟ ಎಂದರೇನು ಎಂದು ಹೇಳಿಬಿಡುತ್ತೇನೆ. ನೇರವಾದ ರಸ್ತೆ. ಉದ್ದ ಕಾಲು ಮೈಲಿ, ಅಂದರೆ 1,320 ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 402 ಮೀಟರು. ಎರಡು ಗಾಡಿಗಳು ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಸೂಚನೆ ಸಿಕ್ಕೊಡನೆ ಹೊರಡಬೇಕು. ತಿರುವಿಲ್ಲ, ಎರಡನೆಯ ಸುತ್ತಿಲ್ಲ. ಮೊದಲು ಗೆರೆ ದಾಟಿದವನು ಗೆದ್ದ. ನೋಡಲು ಇಷ್ಟೇ. ಆದರೆ ನಿಂತ ಗಾಡಿ ಕೆಲವೇ ಸೆಕೆಂಡುಗಳಲ್ಲಿ ಪೂರ್ಣ ವೇಗಕ್ಕೆ ಬರಬೇಕಾದರೆ ಎಂಜಿನ್ನಿನ ಒಂದೊಂದು ಭಾಗವೂ ಇನ್ನೊಂದರ ಮಾತು ಕೇಳಬೇಕು. ಅದು ಹೇಗೆ ಸಾಧ್ಯವಾಯಿತು ಎಂಬುದೇ ಈ ದಿನದ ಕಥೆ.

1932ರಲ್ಲಿ ಫೋರ್ಡ್ ಕಂಪೆನಿಯವರು ಎಂಟು ಸಿಲಿಂಡರುಗಳ ಒಂದು ಎಂಜಿನ್ನನ್ನು ಸಾಮಾನ್ಯರ ಕೈಗೆಟುಕುವ ಬೆಲೆಯ ಕಾರಿನಲ್ಲಿ ಕೂರಿಸಿದರು. ನಾಲ್ಕು ಸಿಲಿಂಡರು ಒಂದು ಕಡೆ, ನಾಲ್ಕು ಇನ್ನೊಂದು ಕಡೆ, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ. ಅಳತೆ 221 ಘನ ಇಂಚು, ಸುಮಾರು 3.6 ಲೀಟರು, ಶಕ್ತಿ 65 ಅಶ್ವಶಕ್ತಿ. ಅದಕ್ಕೆ ಮುಂಚಿನ ಫೋರ್ಡ್ ಮಾಡೆಲ್ ಟಿ ಕಾರಿನ ಶಕ್ತಿ ಬರೀ 20 ಅಶ್ವಶಕ್ತಿ. ಕೆಲವು ವರ್ಷಗಳಲ್ಲಿ ಈ ಹೊಸ ಎಂಜಿನ್ನುಗಳು ಗುಜರಿ ಅಂಗಡಿಗಳಿಗೆ ಬರತೊಡಗಿದವು. ಕ್ಯಾಲಿಫೋರ್ನಿಯಾದ ಯುವಕರು ಅವನ್ನು ಅಗ್ಗಕ್ಕೆ ಕೊಂಡು, ಹಳೆಯ ಹಗುರವಾದ ಕಾರುಗಳಿಗೆ ಜೋಡಿಸಿ, ಮ್ಯುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳ ಗಟ್ಟಿ ನೆಲದ ಮೇಲೆ ಓಡಿಸಿ ವೇಗ ಅಳೆಯುತ್ತಿದ್ದರು. 1937ರಲ್ಲಿ ಅವರದೇ ಒಂದು ಸಂಘವೂ ಆಯಿತು.

ಎರಡನೆಯ ಮಹಾಯುದ್ಧ ಮುಗಿದು ಹುಡುಗರು ಮನೆಗೆ ಮರಳಿದರು. ವಿಮಾನ, ಟ್ಯಾಂಕುಗಳ ರಿಪೇರಿ ಕಲಿತವರು ಅವರಲ್ಲಿ ಬಹಳ ಮಂದಿ. ಒಣ ಕೆರೆಗಳು ಊರಿನಿಂದ ದೂರ. ಆದ್ದರಿಂದ ರಾತ್ರಿ ಹೊತ್ತು ಪೇಟೆಯ ರಸ್ತೆಗಳಲ್ಲೇ ಪೈಪೋಟಿ ಶುರುವಾಯಿತು. ಅಪಘಾತಗಳಾದವು. ದಾರಿಹೋಕರಿಗೂ ಅಪಾಯವಾಯಿತು. ಪತ್ರಿಕೆಗಳು ಈ ಹುಡುಗರನ್ನು ಪುಂಡರೆಂದು ಕರೆದವು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ಒಂದು ಓಡುದಾರಿಯನ್ನು ಓಟಕ್ಕೆ ಬಿಟ್ಟುಕೊಟ್ಟರು. ಮರುವರ್ಷ, 1951ರಲ್ಲಿ, ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ರಾಷ್ಟ್ರೀಯ ಸಂಘವನ್ನು ಕಟ್ಟಿದರು. 1953ರಲ್ಲಿ ಪೊಮೋನಾ ಪಟ್ಟಣದಲ್ಲಿ ಆ ಸಂಘದ ಮೊದಲ ಅಧಿಕೃತ ಓಟ ನಡೆಯಿತು. ಪೊಲೀಸರೂ ಅದಕ್ಕೆ ಸಹಕರಿಸಿದರು. ಬೀದಿಯಲ್ಲಿ ಸಾಯುವುದಕ್ಕಿಂತ ಬೇಲಿಯೊಳಗೆ ನಿಯಮದಿಂದ ಓಡಲಿ ಎಂಬುದು ಅವರ ವಿವೇಕ.

ಈಗ ಲೆಕ್ಕಕ್ಕೆ ಬರೋಣ. ಸಾಂಟಾ ಆನಾದಲ್ಲಿ ಡಿಕ್ ಕ್ರಾಫ್ಟ್ ಎಂಬವರು ಒಂದು ವಿಚಿತ್ರ ಗಾಡಿ ತಂದರು. ಅದಕ್ಕೆ ಮೈ ಎಂಬುದೇ ಇಲ್ಲ. ಹಳೆಯ ಮಾಡೆಲ್ ಟಿ ಚಾಸಿಸ್, ಒಂದು ಎಂಜಿನ್ನು, ಒಂದು ಸೀಟು, ಒಂದು ಸ್ಟೀರಿಂಗು, ನಾಲ್ಕು ಚಕ್ರ. ಜನ ಅದನ್ನು 'ಬಗ್', ಅಂದರೆ ಹುಳು, ಎಂದು ಕರೆದರು. ಆ ಹುಳುವೇ ಗಂಟೆಗೆ 100 ಮೈಲಿಗೂ ಮೀರಿ ಓಡಿತು. ಕ್ರಾಫ್ಟ್ ಮಾಡಿದ್ದೇನು? ಶಕ್ತಿ ಕೂಡಿಸುವ ಬದಲು ಭಾರ ಕಳೆದರು.

ಒಂದು ಸಣ್ಣ ಉದಾಹರಣೆ ಹೇಳುತ್ತೇನೆ. ಒಂದು ಗಾಡಿಯ ತೂಕ 600 ಕಿಲೋ, ಎಂಜಿನ್ನಿನ ಶಕ್ತಿ 200 ಅಶ್ವಶಕ್ತಿ ಎಂದುಕೊಳ್ಳಿ. ಒಂದೊಂದು ಅಶ್ವಶಕ್ತಿಯೂ 3 ಕಿಲೋ ಹೊರಬೇಕು. ಈಗ 100 ಕಿಲೋ ತೂಕ ಕಳೆದರೆ ಅದೇ ಒಂದು ಅಶ್ವಶಕ್ತಿಯ ಪಾಲಿಗೆ ಬರುವುದು ಎರಡೂವರೆ ಕಿಲೋ. ತೂಕ ಕಳೆಯದೆಯೇ ಈ ಅನುಕೂಲ ಬೇಕು ಎಂದರೆ ಎಂಜಿನ್ನಿನ ಶಕ್ತಿಯನ್ನು 240ಕ್ಕೆ ಏರಿಸಬೇಕು. ಅಂದರೆ ಕಿತ್ತು ಬಿಸಾಕಿದ 100 ಕಿಲೋ ತಗಡು, ಗಾಜು, ಸೀಟುಗಳು 40 ಅಶ್ವಶಕ್ತಿಗೆ ಸಮ. ಆ 40 ಅಶ್ವಶಕ್ತಿಗೆ ದುಡ್ಡು ಬೇಕು. ತಗಡು ಕೀಳಲು ಒಂದು ಸ್ಪ್ಯಾನರು ಸಾಕು. ಇನ್ನೂ ಒಂದು ಮಾತಿದೆ. ಗಣಿತದ ಪ್ರಕಾರ ಒಂದು ಅಶ್ವಶಕ್ತಿಯ ಮೇಲಿನ ಹೊರೆಯನ್ನು ಪೂರ್ತಿ ಅರ್ಧ ಮಾಡಿದರೂ ಕಾಲು ಮೈಲಿಯ ಸಮಯ ಕಡಿಮೆಯಾಗುವುದು ಸುಮಾರು ಐದನೆಯ ಒಂದು ಪಾಲು ಮಾತ್ರ. ಕೊನೆಯ ಅರ್ಧ ಸೆಕೆಂಡು ಗಳಿಸುವುದು ಮೊದಲ ಎರಡು ಸೆಕೆಂಡು ಗಳಿಸುವುದಕ್ಕಿಂತ ಕಷ್ಟ. ಆದ್ದರಿಂದಲೇ ಭಾಗಗಳ ಆಯ್ಕೆಗೆ ಅಷ್ಟು ಬೆಲೆ ಬಂತು.

ಆ ಕಾಲದ ಫೋರ್ಡ್ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಮೇಲಿನ ಹೆಡ್ಡು ಬರೀ ಒಂದು ಚಪ್ಪಟೆ ಮುಚ್ಚಳ. ಅದಕ್ಕೇ ಅದನ್ನು ಫ್ಲ್ಯಾಟ್‌ಹೆಡ್ ಎಂದರು. ಸರಳ ಎಂಜಿನ್ನು, ಆದರೆ ಅದಕ್ಕೆ ಹುಟ್ಟಿನಿಂದಲೇ ಬಂದ ಕೊರತೆಗಳಿದ್ದವು. ಸುಟ್ಟ ಹೊಗೆ ಬ್ಲಾಕಿನ ಒಳಗಿನಿಂದಲೇ ಸಾಗಿ ಹೊರಬರಬೇಕಾಗಿತ್ತು. ಹಾಗಾಗಿ ನೀರು ಬೇಗ ಕಾಯುತ್ತಿತ್ತು. ಕ್ರ್ಯಾಂಕ್ ಶಾಫ್ಟಿಗೆ ಮೂರೇ ಮುಖ್ಯ ಬೇರಿಂಗುಗಳು. ಇನ್ನೊಂದು ತೊಡಕು ಬಹಳ ಸೂಕ್ಷ್ಮ. ಮಿಶ್ರಣವನ್ನು ಹೆಚ್ಚು ಒತ್ತಿದರೆ ಶಕ್ತಿ ಹೆಚ್ಚುತ್ತದೆ ಎಂದು ಹೆಡ್ಡಿನ ಒಳ ಚಾವಣಿಯನ್ನು ತಗ್ಗಿಸಿದರೆ, ವಾಲ್ವಿನಿಂದ ಸಿಲಿಂಡರಿಗೆ ಗಾಳಿ ಬರುವ ಸಂದಿಯೇ ಕಿರಿದಾಗುತ್ತಿತ್ತು. ಒತ್ತಡ ಹೆಚ್ಚಿಸಿದರೆ ಉಸಿರು ಕಟ್ಟುತ್ತದೆ. ಉಸಿರಿಗೆ ಜಾಗ ಬಿಟ್ಟರೆ ಒತ್ತಡ ತಗ್ಗುತ್ತದೆ. ಒಂದು ಖಾತೆಗೆ ಜಮಾ ಮಾಡಬೇಕಾದರೆ ಇನ್ನೊಂದು ಖಾತೆಗೆ ಖರ್ಚು ಬರೆಯಲೇಬೇಕು ಎಂಬಂಥ ಸ್ಥಿತಿ.

ಹುಡುಗರು ದಾರಿ ಹುಡುಕಿದರು. ಫೋರ್ಡ್ ಕಂಪೆನಿಯದೇ ಆದ ಮರ್ಕ್ಯುರಿ ಕಾರಿಗೆ 1949ರಿಂದ ನಾಲ್ಕು ಇಂಚಿನ ಸ್ಟ್ರೋಕು ಕೊಡುವ ಕ್ರ್ಯಾಂಕ್ ಶಾಫ್ಟ್ ಬರುತ್ತಿತ್ತು. ಫೋರ್ಡಿನದು ಮೂರೂಮುಕ್ಕಾಲು ಇಂಚು. ಗುಜರಿಯಿಂದ ಮರ್ಕ್ಯುರಿ ಕ್ರ್ಯಾಂಕು ತಂದು ಫೋರ್ಡ್ ಬ್ಲಾಕಿಗೆ ಹಾಕಿದರೆ 239 ಘನ ಇಂಚಿನ ಎಂಜಿನ್ನು 255 ಆಗುತ್ತಿತ್ತು. ವಿಕ್ ಎಡೆಲ್‌ಬ್ರಾಕ್ ಎಂಬ ಮೆಕ್ಯಾನಿಕ್ಕು ಒಂದರ ಬದಲು ಎರಡು ಕಾರ್ಬುರೇಟರು ಕೂರಿಸುವ ಅಲ್ಯುಮಿನಿಯಂ ಮ್ಯಾನಿಫೋಲ್ಡನ್ನು ಯುದ್ಧಕ್ಕೆ ಮುಂಚೆಯೇ ಎರಕ ಹೊಯ್ಯಿಸಿದ್ದರು. ಸ್ಟುವರ್ಟ್ ಹಿಲ್‌ಬಾರ್ನ್ ಎಂಬವರು ಕಾರ್ಬುರೇಟರನ್ನೇ ಬಿಟ್ಟು ಇಂಧನವನ್ನು ನೇರ ಚಿಮ್ಮಿಸುವ ಸಾಧನ ಮಾಡಿದರು; 1948ರಲ್ಲಿ ಅವರ ಗಾಡಿ ಒಣ ಕೆರೆಯ ಮೇಲೆ ಗಂಟೆಗೆ 150 ಮೈಲಿ ದಾಟಿತು. ಆರ್ಮೇನಿಯಾದಿಂದ ವಲಸೆ ಬಂದ ಮನೆತನದ ಎಡ್ ಇಸ್ಕೆಂಡೇರಿಯನ್ ಎಂಬ ಯುವಕ ಯುದ್ಧ ಮುಗಿದ ಮೇಲೆ ಸ್ವಂತ ಯಂತ್ರವಿಟ್ಟುಕೊಂಡು ಕ್ಯಾಮ್ ಶಾಫ್ಟುಗಳನ್ನು ಸಾಣೆ ಹಿಡಿಯತೊಡಗಿದ.

ಈ ಕ್ಯಾಮ್ ಶಾಫ್ಟನ್ನು ಕುರಿತು ಎರಡು ಮಾತು ಹೆಚ್ಚು ಹೇಳಬೇಕು. ಅದೊಂದು ಸರಳು, ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಸರಳು ತಿರುಗಿದಂತೆ ಉಬ್ಬು ವಾಲ್ವನ್ನು ಎತ್ತಿ ಬಾಗಿಲು ತೆರೆಯುತ್ತದೆ. ಎಷ್ಟು ಎತ್ತರ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಉಬ್ಬಿನ ಆಕಾರವೇ ತೀರ್ಮಾನಿಸುತ್ತದೆ. ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ಎಂಜಿನ್ನು ವೇಗವಾಗಿ ತಿರುಗುವಾಗ ಚೆನ್ನಾಗಿ ಉಸಿರಾಡುತ್ತದೆ. ಆದರೆ ನಿಧಾನವಾಗಿ ತಿರುಗುವಾಗ ಒಳಬಂದ ಮಿಶ್ರಣ ಸ್ವಲ್ಪ ಹಿಂದಕ್ಕೇ ಹೋಗುತ್ತದೆ, ಎಂಜಿನ್ನು ಕೆಮ್ಮುತ್ತದೆ, ಎಳೆಯುವ ಬಲ ತಗ್ಗುತ್ತದೆ. ಹಗುರ ಗಾಡಿಗೆ ಈ ನಷ್ಟ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಎಳೆಯಬೇಕಾದ ಭಾರವೇ ಕಡಿಮೆ. ಅದೇ ಕ್ಯಾಮನ್ನು ಭಾರದ ಸಂಸಾರದ ಕಾರಿಗೆ ಹಾಕಿದರೆ ಹೊರಡುವಾಗಲೇ ಮುಗ್ಗರಿಸುತ್ತದೆ. ಅಲ್ಲದೆ ಬರೀ ಕ್ಯಾಮ್ ಬದಲಿಸಿದರೆ ಕೆಲಸ ಮುಗಿಯಲಿಲ್ಲ. ಗಟ್ಟಿ ವಾಲ್ವ್ ಸ್ಪ್ರಿಂಗು ಬೇಕು, ಇಲ್ಲವಾದರೆ ವೇಗದಲ್ಲಿ ವಾಲ್ವು ಸಮಯಕ್ಕೆ ಮುಚ್ಚದು. ಹೆಚ್ಚು ಒತ್ತುವ ಹೆಡ್ಡು ಬೇಕು, ತಕ್ಕ ಕಾರ್ಬುರೇಟರು ಬೇಕು. ಹಿಂದಿನ ಆಕ್ಸಲಿನ ಗೇರೂ ಬದಲಾಗಬೇಕು, ಇಲ್ಲವಾದರೆ ಎಂಜಿನ್ನು ತನ್ನ ಪೂರ್ಣಶಕ್ತಿಯ ಸುತ್ತಿಗೆ ಬರುವಷ್ಟರಲ್ಲಿ ಕಾಲು ಮೈಲಿಯೇ ಮುಗಿದಿರುತ್ತದೆ. ಕಾರ್ಬುರೇಟರೂ ಹಾಗೆಯೇ. ಬಾಯಿ ದೊಡ್ಡದಾದಷ್ಟೂ ಒಳ್ಳೆಯದೆಂದು ತಂದು ಹಾಕಿದರೆ ಅದರೊಳಗೆ ಗಾಳಿಯ ಓಟ ನಿಧಾನವಾಗಿ ಪೆಟ್ರೋಲು ಸರಿಯಾಗಿ ಬೆರೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆ ಎಂಜಿನ್ನಿಗೂ ಸಲ್ಲುತ್ತದೆ.

ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರಲ್ಲಿ ಸ್ಯಾನ್ ಡಿಯಾಗೋ ನಗರದ ಒಂದು ಗುಂಪನ್ನು ಇಲ್ಲಿ ನೆನೆಯಲೇಬೇಕು. ಆ ನಗರ ಮೆಕ್ಸಿಕೋ ದೇಶದ ಗಡಿಯಲ್ಲೇ ಇದೆ. ಸ್ಪ್ಯಾನಿಷ್ ಮಾತಾಡುವ ಮನೆಗಳು ಅಲ್ಲಿ ತಲೆಮಾರುಗಳಿಂದ ಇವೆ. ಗಡಿಯಂಚಿನಲ್ಲಿ ಒಂದು ಭಾಷೆಯನ್ನು ಮನೆಯಲ್ಲಿಟ್ಟುಕೊಂಡು ಬಾಳುವುದು ಎಂದರೇನು ಎಂಬುದು ಈ ಕಾರ್ಯಕ್ರಮದ ಕೇಳುಗರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಹ್ವಾಕಿನ್ ಆರ್ನೆಟ್ ಎಂಬವರ ಮುಂದಾಳುತನದಲ್ಲಿ ಮೆಕ್ಸಿಕನ್ ಮೂಲದ ಹುಡುಗರು ಬೇರೆ ಜನಾಂಗಗಳ ಗೆಳೆಯರನ್ನೂ ಸೇರಿಸಿಕೊಂಡು ತಂಡ ಕಟ್ಟಿದರು. ಮೆಕ್ಸಿಕನ್ನರನ್ನು ಹೀಯಾಳಿಸುವಾಗ ಅವರ ಊಟದ ಬೀನ್ಸ್ ಕಾಳನ್ನು ಎತ್ತಿ ಆಡುವ ಮಾತೊಂದಿತ್ತು. ಆ ಮಾತನ್ನೇ ತೆಗೆದುಕೊಂಡು ಇವರು 'ಬೀನ್ ಬ್ಯಾಂಡಿಟ್ಸ್', ಅಂದರೆ ಕಾಳಿನ ದರೋಡೆಕೋರರು, ಎಂದು ತಮ್ಮ ತಂಡಕ್ಕೆ ಹೆಸರಿಟ್ಟರು. ಫ್ಲ್ಯಾಟ್‌ಹೆಡ್ ಎಂಜಿನ್ನು, ತಮ್ಮ ಕೈಯಿಂದಲೇ ಬೆಸೆದ ಹಗುರ ಚಾಸಿಸ್, ಗುಜರಿಯ ಸಾಮಾನು, ಇವೇ ಅವರ ಬಂಡವಾಳ. 1950ರ ದಶಕದ ಮೊದಲ ವರ್ಷಗಳಲ್ಲಿ ಅವರು ಗೆದ್ದ ಓಟಗಳು ಅನೇಕ. ಹೀಯಾಳಿಕೆಗೆ ಅವರು ಕೊಟ್ಟ ಉತ್ತರ ಗೆರೆ ದಾಟಿದ ಸಮಯದ ಚೀಟಿ.

ಅಷ್ಟರಲ್ಲಿ ಎರಡು ಹೊಸ ಎಂಜಿನ್ನುಗಳು ಬಂದವು. 1951ರಲ್ಲಿ ಕ್ರೈಸ್ಲರ್ ಕಂಪೆನಿಯವರು ಅರ್ಧಗೋಳಾಕಾರದ ಹೆಡ್ ಉಳ್ಳ ಎಂಜಿನ್ನು ತಂದರು. ಇದನ್ನು ಹೆಮಿ ಎನ್ನುತ್ತಾರೆ. ಅಳತೆ 331 ಘನ ಇಂಚು, 180 ಅಶ್ವಶಕ್ತಿ. ವಾಲ್ವುಗಳು ದೊಡ್ಡವು, ಗಾಳಿಗೆ ನೇರ ದಾರಿ, ಆದರೆ ಎಂಜಿನ್ನು ಬಹಳ ಭಾರ. 1955ರಲ್ಲಿ ಶೆವ್ರೊಲೆ ಕಂಪೆನಿಯವರು, ಎಡ್ ಕೋಲ್ ಎಂಬ ಎಂಜಿನಿಯರರ ನೇತೃತ್ವದಲ್ಲಿ, 265 ಘನ ಇಂಚಿನ ಚಿಕ್ಕ ಎಂಜಿನ್ನೊಂದನ್ನು ತಂದರು. ಅದರ ತೂಕ ಸುಮಾರು 240 ಕಿಲೋ, ಹೆಮಿಗಿಂತ 80 ಕಿಲೋಗೂ ಮೀರಿ ಕಡಿಮೆ. ಅದೇ ಕಂಪೆನಿಯ ಹಳೆಯ ಆರು ಸಿಲಿಂಡರಿನ ಎಂಜಿನ್ನಿಗಿಂತಲೂ ಹಗುರ.

ಈ ಶೆವ್ರೊಲೆ ಎಂಜಿನ್ನಿನ ಗುಟ್ಟು ಅದರ ಅಳತೆಯಲ್ಲಿದೆ. ಮರ್ಕ್ಯುರಿ ಎಂಜಿನ್ನಿನ ಸಿಲಿಂಡರು ಕಿರಿದು, ಪಿಸ್ಟನ್ನಿನ ಓಡಾಟ ಉದ್ದ, ನಾಲ್ಕು ಇಂಚು. ಶೆವ್ರೊಲೆಯ ಸಿಲಿಂಡರು ಅಗಲ, ಮೂರೂಮುಕ್ಕಾಲು ಇಂಚು. ಓಡಾಟ ಗಿಡ್ಡ, ಮೂರೇ ಇಂಚು. ಒಂದು ಸುತ್ತಿಗೆ ಪಿಸ್ಟನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗಬೇಕು. ಮರ್ಕ್ಯುರಿಯಲ್ಲಿ ಅದು 8 ಇಂಚಿನ ನಡೆ, ಶೆವ್ರೊಲೆಯಲ್ಲಿ 6 ಇಂಚು. ಮರ್ಕ್ಯುರಿ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಪಿಸ್ಟನ್ನು 40,000 ಇಂಚು ನಡೆಯುತ್ತದೆ. ಅಷ್ಟೇ ನಡೆಯಲ್ಲಿ ಶೆವ್ರೊಲೆ 6,600ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸವೆತ ಒಂದೇ, ದುಡಿಮೆ ಹೆಚ್ಚು. ವಾಲ್ವನ್ನು ಒತ್ತುವ ರಾಕರುಗಳನ್ನು ಭಾರದ ಎರಕದ ಬದಲು ಉಕ್ಕಿನ ತಗಡನ್ನು ಒತ್ತಿ ಮಾಡಿದ್ದರು. ಹಗುರವಾದ ರಾಕರು ವೇಗದಲ್ಲೂ ಸ್ಪ್ರಿಂಗಿನ ಅಂಕೆಯಲ್ಲಿರುತ್ತದೆ. ಕ್ರ್ಯಾಂಕಿಗೆ ಐದು ಮುಖ್ಯ ಬೇರಿಂಗು. 1957ರಲ್ಲಿ 283 ಘನ ಇಂಚಿನ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಸಾಧನ ಜೋಡಿಸಿ, ಅದೇ ಕಂಪೆನಿ 283 ಅಶ್ವಶಕ್ತಿ ತೆಗೆಯಿತು. ಘನ ಇಂಚಿಗೆ ಒಂದು ಅಶ್ವಶಕ್ತಿ! ಅಂಗಡಿಯಲ್ಲಿ ಮಾರುವ ಕಾರಿಗೆ ಅದು ದೊಡ್ಡ ಮಾತು.

ಇಲ್ಲಿ ದಾರಿ ಎರಡಾಯಿತು. ಗಾತ್ರವನ್ನೇ ನಂಬಿದವರು ಹೆಮಿ ಹಿಡಿದರು. ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ಅವರಲ್ಲಿ ಪ್ರಸಿದ್ಧರು. ಹಗುರವನ್ನು ನಂಬಿದವರು ಚಿಕ್ಕ ಶೆವ್ರೊಲೆ ಹಿಡಿದು ಗಾಡಿಯನ್ನೂ ಕಿರಿದು ಮಾಡಿದರು. ಗಾಡಿಯ ವರ್ಗ, ಕೈಯಲ್ಲಿರುವ ದುಡ್ಡು, ಟೈರಿನ ಹಿಡಿತ ನೋಡಿ ಎರಡೂ ಸರಿಯೇ. ಆದರೆ ಹಗುರ ಗಾಡಿಗೆ ಇನ್ನೊಂದು ಕಷ್ಟವಿದೆ. ಹಿಂದಿನ ಚಕ್ರದ ಮೇಲೆ ಭಾರ ಸಾಲದಿದ್ದರೆ ಟೈರು ಜಾರುತ್ತದೆ. ಶಕ್ತಿಯೆಲ್ಲ ಹೊಗೆಯಾಗಿ ಹೋಗುತ್ತದೆ. ಅದಕ್ಕೆ ಮಿಕಿ ಥಾಂಪ್ಸನ್ ಎಂಬವರು 1954ರಲ್ಲಿ ಚಾಲಕನನ್ನು ಹಿಂದಿನ ಆಕ್ಸಲಿಗೂ ಹಿಂದೆ ಕೂರಿಸಿದರು. ಕವಣೆಯಲ್ಲಿಟ್ಟ ಕಲ್ಲಿನಂತೆ ಕೂರುವುದರಿಂದ ಆ ಗಾಡಿಗೆ 'ಸ್ಲಿಂಗ್‌ಶಾಟ್' ಎಂದೇ ಹೆಸರಾಯಿತು. ಒಂದು ಕಿಲೋ ಕೂಡಿಸದೆ, ಇದ್ದ ಭಾರವನ್ನೇ ಬೇಕಾದ ಕಡೆಗೆ ಸರಿಸಿದ ಜಾಣತನ ಅದು.

ಫ್ಲೈವೀಲಿನ ಆಯ್ಕೆಯೂ ಹಾಗೆಯೇ. ಭಾರದ ಫ್ಲೈವೀಲು ಬಲವನ್ನು ಕೂಡಿಟ್ಟುಕೊಂಡು ಹೊರಡುವಾಗ ಒಮ್ಮೆಗೇ ಕೊಡುತ್ತದೆ; ಭಾರದ ಕಾರಿಗೆ ಅದು ಬೇಕು. ಹಗುರ ಗಾಡಿಯಲ್ಲಿ ಆ ಹೊಡೆತಕ್ಕೆ ಟೈರು ತಿರುಗಿ ನಿಂತಲ್ಲೇ ಉಳಿಯಬಹುದು. ಹಗುರ ಫ್ಲೈವೀಲಿದ್ದರೆ ಎಂಜಿನ್ನು ಬೇಗ ಸುತ್ತು ಏರಿಸಿಕೊಳ್ಳುತ್ತದೆ.

ಇನ್ನು ಮುಂದಿನ ಮಾತು ಸ್ವಲ್ಪ ಕಹಿ. ಆ ಕಾಲದ ಕಾರುಗಳ ಫ್ಲೈವೀಲುಗಳು ಬೀಡು ಕಬ್ಬಿಣದವು. ಕಂಪೆನಿ ಯೋಚಿಸಿದ್ದ ಸುತ್ತಿಗಿಂತ ಬಹಳ ಹೆಚ್ಚು ಸುತ್ತಿಸಿದಾಗ ಅವು ಒಡೆದು ಬಾಂಬಿನಂತೆ ಸಿಡಿಯುತ್ತಿದ್ದವು. ಚಾಲಕನ ಕಾಲು ಇರುವುದು ಅಲ್ಲೇ ಪಕ್ಕದಲ್ಲಿ. ಶಕ್ತಿ ಹೆಚ್ಚಿಸುವ ಭಾಗಗಳಿಗೆ ದುಡ್ಡು ಸುರಿದು, ಆ ಶಕ್ತಿಯನ್ನು ತಾಳುವ ಭಾಗಕ್ಕೆ ಮಾತ್ರ ಹಳೆಯದನ್ನೇ ಉಳಿಸಿದ್ದರ ಫಲ ಅದು. ಕ್ರಮೇಣ ಉಕ್ಕಿನ ಫ್ಲೈವೀಲು, ಕ್ಲಚ್ಚಿನ ಸುತ್ತ ದಪ್ಪ ಉಕ್ಕಿನ ಕವಚ ಕಡ್ಡಾಯವಾದವು. ಇಂಧನದಲ್ಲೂ ಇದೇ ಪಾಠ. ಪೆಟ್ರೋಲು ಉರಿಯಲು ತೂಕದಲ್ಲಿ ಅದರ ಸುಮಾರು 15 ಪಾಲು ಗಾಳಿ ಬೇಕು. ನೈಟ್ರೋಮೀಥೇನ್ ಎಂಬ ರಾಸಾಯನಿಕಕ್ಕೆ 2 ಪಾಲಿಗೂ ಕಡಿಮೆ ಸಾಕು, ಏಕೆಂದರೆ ಅದರಲ್ಲೇ ಆಮ್ಲಜನಕವಿದೆ. ಹಾಗಾಗಿ ಅದೇ ಸಿಲಿಂಡರಿನಲ್ಲಿ ಎಷ್ಟೋ ಪಟ್ಟು ಇಂಧನ ಉರಿಸಬಹುದು. ಎಂಜಿನ್ನುಗಳು ಚೂರುಚೂರಾಗತೊಡಗಿದವು. 1957ರಲ್ಲಿ ರಾಷ್ಟ್ರೀಯ ಸಂಘ ಅದನ್ನು ನಿಷೇಧಿಸಿತು. ಕೆಲವು ವರ್ಷಗಳ ನಂತರ ನಿಷೇಧ ತೆಗೆಯಿತು.

1970ರ ಮಾರ್ಚ್ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ಲಯನ್ಸ್ ಓಟದ ದಾರಿಯಲ್ಲಿ, ಡಾನ್ ಗಾರ್ಲಿಟ್ಸರ ಗಾಡಿಯ ಗೇರ್‌ಪೆಟ್ಟಿಗೆ ಹೊರಡುವ ಗೆರೆಯಲ್ಲೇ ಸ್ಫೋಟಿಸಿತು. ಗಾಡಿ ಎರಡು ತುಂಡಾಯಿತು. ಅವರ ಬಲ ಪಾದದ ಒಂದು ಭಾಗ ಹೋಯಿತು. ನೋಡಲು ಬಂದಿದ್ದವರೊಬ್ಬರಿಗೂ ಗಾಯವಾಯಿತು. ಗಾರ್ಲಿಟ್ಸ್ ಚೇತರಿಸಿಕೊಂಡು, ಎಂಜಿನ್ನು ಚಾಲಕನ ಬೆನ್ನ ಹಿಂದೆ ಬರುವಂತೆ ಹೊಸ ಗಾಡಿ ಕಟ್ಟಿದರು. ಅಂಥ ಗಾಡಿ ನೇರ ಓಡುವುದಿಲ್ಲ ಎಂದು ಬಹಳ ಜನ ನಂಬಿದ್ದರು. 1971ರಲ್ಲಿ ಪೊಮೋನಾದಲ್ಲಿ ಅದೇ ಗಾಡಿಯಿಂದ ಅವರು ಗೆದ್ದರು. ಆಮೇಲೆ ಆ ವರ್ಗದಲ್ಲಿ ಎಲ್ಲರೂ ಅದೇ ಮಾದರಿ ಹಿಡಿದರು. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕರು ಓಟದಲ್ಲಿ ತೀರಿಕೊಂಡ ಮೇಲೆ, ಅತಿ ಶಕ್ತಿಯ ವರ್ಗಗಳಿಗೆ ಕಾಲು ಮೈಲಿಯನ್ನೂ ಕಡಿದು 1,000 ಅಡಿ ಮಾಡಿದರು. ಕಾಲು ಮೈಲಿಯಿಂದಲೇ ಹುಟ್ಟಿದ ಓಟ ತನ್ನ ಅಳತೆಯನ್ನೇ ಬಿಟ್ಟುಕೊಡಬೇಕಾಯಿತು.

ನಮ್ಮ ಕಡೆಗೂ ಒಂದು ನೋಟ ಹಾಯಿಸೋಣ. ಮದರಾಸಿನ ಹತ್ತಿರದ ಶೋಲಾವರಂನಲ್ಲೂ ಯುದ್ಧಕಾಲದ ವಿಮಾನದ ಓಡುದಾರಿಯೇ 1950ರ ದಶಕದಿಂದ ಮೋಟಾರು ಓಟದ ಕಣವಾಯಿತು. ಖಾಲಿ ಬಿದ್ದ ಓಡುದಾರಿ, ಎಂಜಿನ್ನಿನ ಹುಚ್ಚಿರುವ ಯುವಕರು, ಎರಡೂ ಸೇರಿದಲ್ಲೆಲ್ಲ ಇದೇ ಕಥೆ. ಹೊಸೂರು ಕಡೆಯ ಕೇಳುಗರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಟಿವಿಎಸ್ 50 ಮೊಪೆಡ್ಡನ್ನು ಕಾಣದವರು ಯಾರು? 50 ಸಿಸಿ ಎಂಜಿನ್ನು ಇಬ್ಬರನ್ನು, ಜೊತೆಗೆ ಒಂದು ಮೂಟೆಯನ್ನು ಎಳೆಯುತ್ತಿತ್ತು. ಗಾಡಿ ಹಗುರ, ಗೇರು ಆ ಭಾರಕ್ಕೆ ತಕ್ಕದ್ದು. ಓಟದ ಗಾಡಿಗೆ ಸಲ್ಲುವ ನಿಯಮವೇ ಸಂತೆಗೆ ಹೋಗುವ ಗಾಡಿಗೂ ಸಲ್ಲುತ್ತದೆ.

ಇಷ್ಟು ವರ್ಷಗಳ ಅನುಭವದಿಂದ ಅಲ್ಲಿಯ ಕುಶಲರು ಕಂಡುಕೊಂಡ ಕ್ರಮ ಹೀಗಿದೆ. ಮೊದಲು ಗಾಡಿಯನ್ನು ತೂಗಿ ನೋಡಬೇಕು. ಆಮೇಲೆ ಟೈರು ಎಷ್ಟು ಬಲವನ್ನು ಹಿಡಿಯಬಲ್ಲದು ಎಂದು ನೋಡಬೇಕು. ಎಂಜಿನ್ನು ಯಾವ ಸುತ್ತಿನಿಂದ ಯಾವ ಸುತ್ತಿನವರೆಗೆ ದುಡಿಯಬೇಕು ಎಂದು ನಿರ್ಧರಿಸಿ, ಅದಕ್ಕೆ ತಕ್ಕ ಗೇರು, ಆ ಗೇರಿಗೆ ತಕ್ಕ ಕ್ಯಾಮ್, ಆ ಕ್ಯಾಮಿಗೆ ತಕ್ಕ ಹೆಡ್ಡು, ವಾಲ್ವು, ಕಾರ್ಬುರೇಟರು. ಇವೆಲ್ಲಕ್ಕಿಂತ ಮುಂಚೆ, ಬರಲಿರುವ ಶಕ್ತಿಯನ್ನು ತಾಳುವ ಬೇರಿಂಗು, ಫ್ಲೈವೀಲು, ಕ್ಲಚ್ಚು ಮತ್ತು ಕವಚಕ್ಕೆ ದುಡ್ಡು ತೆಗೆದಿಡಬೇಕು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಜಾಮೀನು ನೋಡದೆ ಸಾಲ ಕೊಡಬಾರದು.

ನಮ್ಮ ಮಕ್ಕಳೂ ಮೊಮ್ಮಕ್ಕಳೂ ಈಗ ಬೈಕುಗಳಿಗೆ ಏನೇನೋ ಭಾಗ ಜೋಡಿಸಿ ಹೆದ್ದಾರಿಯಲ್ಲಿ ಪೈಪೋಟಿ ನಡೆಸುವುದನ್ನು ನೋಡುತ್ತಿದ್ದೇವೆ. ಅವರನ್ನು ಪುಂಡರೆಂದು ಬೈದು ಸುಮ್ಮನಾಗುವುದು ಸುಲಭ. ಕ್ಯಾಲಿಫೋರ್ನಿಯಾದ ಹಿರಿಯರು ಹಾಗೆ ಸುಮ್ಮನಾಗಲಿಲ್ಲ. ಬೇಲಿ ಹಾಕಿದ ಒಂದು ದಾರಿ ಕೊಟ್ಟರು, ನಿಯಮ ಕೊಟ್ಟರು, ಗಾಡಿಯನ್ನು ಪರೀಕ್ಷಿಸಿಯೇ ಓಟಕ್ಕೆ ಬಿಟ್ಟರು. ಆ ಹುಡುಗರಲ್ಲಿ ಕೆಲವರು ಮುಂದೆ ಕಾರ್ಖಾನೆ ಕಟ್ಟಿ ನೂರಾರು ಜನಕ್ಕೆ ಕೆಲಸ ಕೊಟ್ಟರು. ನಮ್ಮ ಊರುಗಳಲ್ಲೂ ಲೇತ್ ಇರುವ ಶೆಡ್ಡುಗಳಿವೆ, ಬಲ್ಲ ಮೇಸ್ತ್ರಿಗಳಿದ್ದಾರೆ. ಹುಡುಗರನ್ನು ಅವರ ಬಳಿ ಕಳುಹಿಸಿ, ಎಂಜಿನ್ನನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಲಿ. ತೂಕ, ಅಳತೆ, ಲೆಕ್ಕ ಕೈಗೆ ಬಂದ ಹುಡುಗ ರಸ್ತೆಯಲ್ಲಿ ಪ್ರಾಣ ಪಣಕ್ಕಿಡುವ ಮುನ್ನ ಎರಡು ಸಲ ಯೋಚಿಸುತ್ತಾನೆ ಎಂಬ ನಂಬಿಕೆ ನನಗಿದೆ.